ಬೆಕ್ಕಿನ ಕಿಡ್ನಿ ಕಾಯಿಲೆ: ಡ್ರಿಪ್ಪೋ, ಪಥ್ಯವೋ, ಹೆಬ್ಬಾಳವೋ?

ಏಪ್ರಿಲ್ ತಿಂಗಳ ತುಮಕೂರಿನ ಬಿಸಿಲು ನಿಮಗೂ ಗೊತ್ತು. ಅಂಥ ಒಂದು ಏಪ್ರಿಲ್‌ನಲ್ಲಿ ನಮ್ಮ ಬೆಕ್ಕು ಕೆಂಚ ಬಚ್ಚಲಿನ ಬಕೆಟ್ಟಿಗೆ ಮುಂಗಾಲಿಟ್ಟು ನೀರು ಕುಡಿಯಲು ಶುರು ಮಾಡಿದ. ಆಗ ಅವನಿಗೆ ಹನ್ನೆರಡು ವರ್ಷ. ಅದುವರೆಗೆ ಅವನು ನೀರು ಕುಡಿಯುವುದನ್ನು ನಾವು ನೋಡಿದ್ದೇ ಕಡಿಮೆ. "ಬೇಸಿಗೆ ಅಲ್ವಾ, ಅದಕ್ಕೇ ಕುಡೀತಾನೆ ಬಿಡು" ಎಂದರು ಅಮ್ಮ. ನಾನೂ ಹಾಗೇ ಅಂದುಕೊಂಡೆ. ಜೂನ್ ಬಂತು, ಮಳೆ ಬಿತ್ತು, ಊರು ತಂಪಾಯಿತು. ಕೆಂಚ ಕುಡಿಯುವುದು ಮಾತ್ರ ಕಡಿಮೆಯಾಗಲಿಲ್ಲ. ಎತ್ತಿಕೊಂಡರೆ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು.

ಮೊದಲು ತೋರಿಸಿದ ಕಡೆ ರಕ್ತ ತೆಗೆದರು. "ಕಿಡ್ನಿ ಹೋಗಿದೆ, ಐದು ದಿನ ಗ್ಲೂಕೋಸ್ ಹಾಕೋಣ" ಎಂದರು. ಐದು ದಿನ ಹೋಗಿ ಬಂದೆವು. ಕೆಂಚ ಗೆಲುವಾದ. ಹತ್ತು ದಿನಕ್ಕೆ ಮತ್ತೆ ಮಂಕಾದ. ಕಾಯಿಲೆ ಯಾವ ಹಂತದಲ್ಲಿದೆ, ಏನು ತಿನ್ನಿಸಬೇಕು, ಮುಂದೇನು ಎಂದು ಅಲ್ಲಿ ಯಾರೂ ಹೇಳಲಿಲ್ಲ. ಕೇಳಬೇಕು ಎಂದು ನಮಗೂ ಗೊತ್ತಿರಲಿಲ್ಲ.

ಅದಾದ ಮೇಲೆ ಬೇರೆ ವೈದ್ಯರು ಸಿಕ್ಕಿದರು. ಕೆಂಚ ಇನ್ನೂ ಎರಡೂವರೆ ವರ್ಷ ನಮ್ಮ ಜೊತೆ ಇದ್ದ. ಆ ಎರಡೂವರೆ ವರ್ಷದಲ್ಲಿ ಪ್ರತಿ ತಿಂಗಳೂ ಏನಾದರೊಂದನ್ನು ಆರಿಸಿಕೊಳ್ಳಬೇಕಾಗುತ್ತಿತ್ತು. ಈ ಪರೀಕ್ಷೆಯೋ ಆ ಪರೀಕ್ಷೆಯೋ? ಈ ಊಟವೋ ಆ ಊಟವೋ? ಮನೆಯಲ್ಲೇ ಸೂಜಿಯೋ, ಆಸ್ಪತ್ರೆಗೇ ಹೋಗುವುದೋ? ಊರಿನ ವೈದ್ಯರೋ, ಬೆಂಗಳೂರಿನ ಹೆಬ್ಬಾಳದ ಪಶು ಆಸ್ಪತ್ರೆಯೋ? ನಮ್ಮ ಊರಿನಲ್ಲಿ ಈಗ ಇದೇ ಪ್ರಶ್ನೆಗಳ ಮುಂದೆ ನಿಂತವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳ ಜನ ಡ್ರಿಪ್ ಅನ್ನೇ ಚಿಕಿತ್ಸೆ ಎಂದುಕೊಳ್ಳುತ್ತಾರೆ. ಹೆಚ್ಚಿನ ಬೆಕ್ಕುಗಳಲ್ಲಿ ಆಯಸ್ಸನ್ನು ಉಳಿಸುವುದು ತಟ್ಟೆ. ಡ್ರಿಪ್‌ನ ಜಾಗ ಅದರ ನಂತರ.

ಬರೀ ಕ್ರಿಯಾಟಿನೈನ್ ಸಾಕಾ?

ಕಿಡ್ನಿಯೊಳಗೆ ರಕ್ತ ಸೋಸುವ ಲಕ್ಷಾಂತರ ಸಣ್ಣ ಜರಡಿಗಳಿವೆ. ಅವುಗಳ ಹೆಸರು ನೆಫ್ರಾನ್. ಒಮ್ಮೆ ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವು ಸತ್ತವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಹಾಗಾಗಿ ತುಂಬಾ ದಿನ ಹೊರಗೆ ಏನೂ ಕಾಣುವುದಿಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ಹೋದ ಮೇಲೆ ಮೂತ್ರ ನೀರಾಗಲು ಶುರುವಾಗುತ್ತದೆ. ಮುಕ್ಕಾಲು ಪಾಲು ಹೋದ ಮೇಲೆ ರಕ್ತದಲ್ಲಿ ಕ್ರಿಯಾಟಿನೈನ್ ಏರುತ್ತದೆ. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಶ್ಮಲ ಅದು. ಎಸ್‌ಡಿಎಂಎ ಎಂಬ ಇನ್ನೊಂದು ರಕ್ತಪರೀಕ್ಷೆ ಇದೆ. ಅದು ಸುಮಾರು 40% ಶಕ್ತಿ ಹೋದಾಗಲೇ ಏರಬಲ್ಲದು.

ಹಂತ ಗುರುತಿಸಲು ವೈದ್ಯರು ಬಳಸುವುದು ಐರಿಸ್ ಪಟ್ಟಿ. ಕಿಡ್ನಿ ಕಾಯಿಲೆಯಲ್ಲಿ ನುರಿತ ಪಶುವೈದ್ಯರು 1998ರಲ್ಲಿ ಕಟ್ಟಿದ ಬಳಗದ ಹೆಸರು ಐರಿಸ್. ಬೆಕ್ಕಿಗೆ ಅವರ ಲೆಕ್ಕ ಹೀಗಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಕ್ರಿಯಾಟಿನೈನ್ 1.6 ಮಿಲಿಗ್ರಾಂಗಿಂತ ಕಡಿಮೆ ಇದ್ದು, ಮೂತ್ರದಲ್ಲೋ ಸ್ಕ್ಯಾನ್‌ನಲ್ಲೋ ಬೇರೆ ತೊಂದರೆ ಕಂಡರೆ 1ನೇ ಹಂತ. 1.6ರಿಂದ 2.8 ಇದ್ದರೆ 2ನೇ ಹಂತ. 2.9ರಿಂದ 5.0 ಇದ್ದರೆ 3ನೇ ಹಂತ. 5.0 ದಾಟಿದರೆ 4ನೇ ಹಂತ. ಬೆಕ್ಕಿನ ಮೈಯಲ್ಲಿ ನೀರು ಸರಿಯಾಗಿದ್ದು, ಅದು ಸ್ವಲ್ಪ ಸುಧಾರಿಸಿದ ಮೇಲೆ ಮಾಡಿದ ಪರೀಕ್ಷೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ವಾಂತಿ ಮಾಡಿಕೊಂಡು ಒಣಗಿ ಹೋದ ದಿನ ಕೆಂಚನಿಗೆ 5.8 ಬಂದಿತ್ತು. ಎರಡು ವಾರದ ನಂತರ 3.4 ಬಂತು. ಮೊದಲ ದಿನದ ಕಾಗದ ಹಿಡಿದುಕೊಂಡು ನಾವು ಅತ್ತಿದ್ದೆವು. ನಿಜಕ್ಕೂ ಅವನು ಇದ್ದದ್ದು 3ನೇ ಹಂತದಲ್ಲಿ.

ನಮ್ಮಲ್ಲಿ ಬೆಕ್ಕಿನ ರಕ್ತವನ್ನು ಮನುಷ್ಯರ ಲ್ಯಾಬಿಗೆ ಕಳಿಸುವುದೂ ಉಂಟು. ಆ ಕಾಗದದಲ್ಲಿ ಅಚ್ಚಾಗಿರುವ "ಸಾಮಾನ್ಯ ಮಟ್ಟ" ಮನುಷ್ಯರದ್ದು. ಬೆಕ್ಕಿಗೆ 1.5 ಇದ್ದರೂ ಅಲ್ಲಿ ಜಾಸ್ತಿ ಎಂದು ದಪ್ಪಕ್ಷರದಲ್ಲಿ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಅಂಕಿ ಮಾತ್ರ ನೋಡಿ. ಇದಕ್ಕೆ ತಿರುಗಾಮುರುಗಾ ಅಪಾಯವೂ ಇದೆ. ಕ್ರಿಯಾಟಿನೈನ್ ಹುಟ್ಟುವುದು ಮಾಂಸಖಂಡದಿಂದ. ಒಣಕಲಾದ ಮುದಿ ಬೆಕ್ಕಿನಲ್ಲಿ ಮಾಂಸವೇ ಕಡಿಮೆ ಇರುವುದರಿಂದ ಅಂಕಿ ಸುಳ್ಳೇ ಕಡಿಮೆ ತೋರಿಸುತ್ತದೆ. ಥೈರಾಯ್ಡ್ ಜಾಸ್ತಿಯಾದ ಬೆಕ್ಕಿನಲ್ಲೂ ಹೀಗೇ ಆಗುತ್ತದೆ. ಇಂಥ ಕಡೆ ಎಸ್‌ಡಿಎಂಎಗೆ ದುಡ್ಡು ಹಾಕುವುದು ಸರಿ.

ದುಡ್ಡು ಎಣಿಸಿ ಖರ್ಚು ಮಾಡಬೇಕಾದವರು ಎಸ್‌ಡಿಎಂಎ ಬಿಟ್ಟು, ಅದೇ ದುಡ್ಡನ್ನು ಮೂತ್ರ ಪರೀಕ್ಷೆಗೂ ರಕ್ತದ ರಂಜಕ ಮತ್ತು ಪೊಟ್ಯಾಸಿಯಂ ನೋಡುವುದಕ್ಕೂ ಹಾಕಲಿ. ರಂಜಕ ಎಂದರೆ ಕಾಗದದಲ್ಲಿ ಬರುವ ಫಾಸ್ಫರಸ್. ಮೂತ್ರದ ಗಟ್ಟಿತನ ಅಳೆಯಲು ನಾಲ್ಕು ಹನಿ ಸಾಕು. ಆರೋಗ್ಯವಾಗಿರುವ ಬೆಕ್ಕಿನದು ಸಾಮಾನ್ಯವಾಗಿ 1.035ಕ್ಕಿಂತ ಮೇಲಿರುತ್ತದೆ. ಕಿಡ್ನಿ ಸೋತಾಗ 1.010ರ ಆಸುಪಾಸಿಗೆ ಇಳಿಯುತ್ತದೆ. ಬೆಕ್ಕು ಮೂತ್ರಕ್ಕೆ ಹೋಗುವ ಮರಳಿನ ಟ್ರೇಯನ್ನು ತೊಳೆದು ಒಣಗಿಸಿ, ಮರಳು ಹಾಕದೆ ಇಟ್ಟರೆ ಕೆಲವು ಬೆಕ್ಕುಗಳು ಅದರಲ್ಲೇ ಮೂತ್ರ ಮಾಡುತ್ತವೆ. ಸಿರಿಂಜಿನಲ್ಲಿ ಎಳೆದುಕೊಂಡು ಕೊಟ್ಟರಾಯಿತು. ಹೊರಗೆ ತಿರುಗಾಡುವ ಬೆಕ್ಕಾದರೂ ಹತ್ತು ವರ್ಷ ದಾಟಿದ ಮೇಲೆ ಮನೆಯಲ್ಲೊಂದು ಟ್ರೇ ಇಡಿ. ಟ್ರೇಯ ಮರಳಿನಲ್ಲಿ ಮೂತ್ರ ಬಿದ್ದು ಕಟ್ಟುವ ಉಂಡೆ ದಿನದಿಂದ ದಿನಕ್ಕೆ ದೊಡ್ಡದಾಗುವುದು ಎಲ್ಲಕ್ಕಿಂತ ಮೊದಲು ಕಾಣುವ ಸುಳಿವು.

ಪರ್ಷಿಯನ್ ಬೆಕ್ಕು ಸಾಕಿದವರಿಗೆ ಒಂದು ಮಾತು. ಈ ತಳಿಯಲ್ಲಿ ಕಿಡ್ನಿಯೊಳಗೆ ನೀರುಗುಳ್ಳೆಗಳು ಬೆಳೆಯುವ ಕಾಯಿಲೆ ವಂಶದಿಂದ ಬರುತ್ತದೆ. ಅದನ್ನು ಹಿಡಿಯಲು ಅಲ್ಟ್ರಾಸೌಂಡ್ ಬೇಕು. ರಕ್ತದ ಅಂಕಿ ಏರುವವರೆಗೆ ಕಾಯಬೇಡಿ.

ಊಟ: ಇಲ್ಲಿ ಸಮಯ ಕೊಡಿ

ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. 2 ಮತ್ತು 3ನೇ ಹಂತದ 45 ಬೆಕ್ಕುಗಳನ್ನು ಎರಡು ವರ್ಷದವರೆಗೆ ನೋಡಿದರು. ಅರ್ಧದಷ್ಟು ಬೆಕ್ಕುಗಳಿಗೆ ಕಿಡ್ನಿ ಪಥ್ಯದ ಆಹಾರ, ಉಳಿದವಕ್ಕೆ ಸಾಮಾನ್ಯ ಆಹಾರ. ಸಾಮಾನ್ಯ ಆಹಾರದ ಗುಂಪಿನಲ್ಲಿ ಸುಮಾರು ಕಾಲು ಭಾಗ ಬೆಕ್ಕುಗಳಿಗೆ ರಕ್ತದಲ್ಲಿ ಕಶ್ಮಲ ಏರಿ ಜೀವಕ್ಕೆ ಕುತ್ತು ಬಂತು. ಪಥ್ಯದ ಗುಂಪಿನಲ್ಲಿ ಒಂದಕ್ಕೂ ಬರಲಿಲ್ಲ. ಈ ಕಾಯಿಲೆಯಲ್ಲಿ ಇಷ್ಟು ಗಟ್ಟಿ ಫಲ ಕೊಟ್ಟ ಬೇರೆ ಉಪಾಯ ನನಗೆ ಕಂಡಿಲ್ಲ.

ಆ ಪಥ್ಯದ ಗುಟ್ಟು ರಂಜಕ ಕಡಿಮೆ ಇರುವುದು. ಸೋತ ಕಿಡ್ನಿ ರಂಜಕವನ್ನು ಹೊರಗೆ ಹಾಕಲಾರದು. ಅದು ರಕ್ತದಲ್ಲಿ ಸೇರುತ್ತಾ ಹೋಗಿ ಉಳಿದ ನೆಫ್ರಾನ್‌ಗಳನ್ನೂ ಕೆಡಿಸುತ್ತದೆ. 2ನೇ ಹಂತದಲ್ಲಿ ರಕ್ತದ ರಂಜಕ 4.6 ಮಿಲಿಗ್ರಾಂ ದಾಟದಂತೆ, 3ರಲ್ಲಿ 5.0 ದಾಟದಂತೆ, 4ರಲ್ಲಿ 6.0 ದಾಟದಂತೆ ನೋಡಿಕೊಳ್ಳಿ ಎನ್ನುತ್ತದೆ ಐರಿಸ್. ಫ್ರಿಜ್ಜಿನ ಬಾಗಿಲಿನ ಮೇಲೆ ನಾವು ಬರೆದು ಅಂಟಿಸಿದ್ದು ಇದೊಂದೇ ಅಂಕಿ.

ಈಗ ಆಯ್ಕೆಗಳು. ಮೊದಲನೆಯದು ಕಂಪನಿಯ ಪಥ್ಯದ ಆಹಾರ. ರಾಯಲ್ ಕ್ಯಾನಿನ್ ರೀನಲ್, ಫಾರ್ಮಿನಾ ವೆಟ್ ಲೈಫ್ ರೀನಲ್, ಹಿಲ್ಸ್ ಕೆ/ಡಿ ಇಂಥವು. ರಂಜಕ ಕಡಿಮೆ, ಪ್ರೋಟೀನ್ ಮಿತವಾದರೂ ಒಳ್ಳೆಯ ಗುಣಮಟ್ಟದ್ದು, ಪೊಟ್ಯಾಸಿಯಂ ಮತ್ತು ಬಿ ವಿಟಮಿನ್ ಸೇರಿಸಿರುತ್ತಾರೆ. ಬೆಲೆ ಜಾಸ್ತಿ. ತುಮಕೂರಿನ ಅಂಗಡಿಯಲ್ಲಿ ಕೇಳಿದ ದಿನವೇ ಸಿಗದಿರಬಹುದು. ಹಾಗಾಗಿ ಮುಗಿಯುವ ಹತ್ತು ದಿನ ಮೊದಲೇ ತರಿಸಿಡಿ.

ಇದರಲ್ಲೂ ಒಣ ಕಾಳು ಮತ್ತು ಒದ್ದೆ ಪೌಚ್ ಎಂದು ಎರಡು ಬಗೆ. ಒಣ ಕಾಳಿನಲ್ಲಿ ನೀರು ಸುಮಾರು 10%. ಪೌಚಿನಲ್ಲಿ ಹತ್ತಿರ ಹತ್ತಿರ 80%. 85 ಗ್ರಾಮಿನ ಎರಡು ಪೌಚ್ ತಿಂದರೆ ಬೆಕ್ಕಿನ ಹೊಟ್ಟೆಗೆ 130 ಮಿಲಿಲೀಟರ್ ಆಸುಪಾಸು ನೀರು ಹೋಗುತ್ತದೆ. ಬೆಕ್ಕಿಗೆ ಚರ್ಮದ ಕೆಳಗೆ ಕೊಡುವ ಒಂದು ದಿನದ ಡ್ರಿಪ್ ಅನೇಕ ಸಲ 100 ಮಿಲಿಲೀಟರ್. ಅಂದರೆ 2ನೇ ಹಂತದ ಬೆಕ್ಕಿಗೆ ಸೂಜಿ ಮಾಡುವ ಕೆಲಸವನ್ನು ತಟ್ಟೆಯೇ ಮಾಡಿಬಿಡುತ್ತದೆ. ಪೂರ್ತಿ ಪೌಚ್ ಕೊಡಲು ಕೈಲಾಗದವರು ಹಗಲು ಕಾಳು, ರಾತ್ರಿ ಪೌಚ್ ಕೊಡಬಹುದು. ನಾವು ಹಾಗೇ ಮಾಡಿದೆವು. ಪೌಚಿಗೆ ಇನ್ನೆರಡು ಚಮಚ ಬೆಚ್ಚಗಿನ ನೀರು ಬೆರೆಸುತ್ತಿದ್ದೆವು.

ಎರಡನೆಯದು ಮನೆಯ ಅಡುಗೆ. ನಮ್ಮ ಸೀಮೆಯ ಬೆಕ್ಕು ಬೆಳೆಯುವುದೇ ಹಾಲನ್ನ, ಮುದ್ದೆ ಚೂರು, ಸಾರಿನಲ್ಲಿ ನೆನೆದ ಅನ್ನದ ಮೇಲೆ. "ಕಿಡ್ನಿ ಅಂದಮೇಲೆ ಮಾಂಸ ಬಿಡಿಸಿ, ಮೊಸರನ್ನ ಹಾಕಿ" ಎಂದು ನಮಗೆ ಮೂರು ಜನ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಆದರೆ ಬೆಕ್ಕಿಗೆ ಅದು ನಡೆಯುವುದಿಲ್ಲ. ಬೆಕ್ಕು ಮಾಂಸದ ಮೇಲೇ ಬದುಕುವ ಪ್ರಾಣಿ. ಟಾರಿನ್ ಎಂಬ ಅಂಶ ಮಾಂಸದಿಂದಲೇ ಸಿಗಬೇಕು. ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮಾಂಸ ಪೂರ್ತಿ ನಿಲ್ಲಿಸಿದರೆ ಬೆಕ್ಕು ತನ್ನ ಮೈಯ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಮನೆಯಲ್ಲಿ ಮಾಂಸ ಬೇಯಿಸದವರಿಗೆ ಪೌಚ್ ಎಷ್ಟೋ ವಾಸಿ. ಕತ್ತರಿಸಿ ತಟ್ಟೆಗೆ ಹಾಕಿದರೆ ಮುಗಿಯಿತು.

ಸಾರಿನ ಬಗ್ಗೆ ಎಚ್ಚರ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಿಡ್ನಿ ಸೋತ ಬೆಕ್ಕಿಗೆ ಮೊದಲೇ ರಕ್ತ ಕಡಿಮೆ. ಒಣಮೀನಿನಲ್ಲಿ ಉಪ್ಪು ವಿಪರೀತ. ಮೂಳೆ, ಲಿವರ್, ಹಾಲು, ಮೊಸರು ಇವುಗಳಲ್ಲಿ ರಂಜಕ ಜಾಸ್ತಿ. ಬೇಯಿಸಿದ ಮೊಟ್ಟೆಯ ಬಿಳಿಭಾಗದಲ್ಲಿ ರಂಜಕ ತೀರಾ ಕಡಿಮೆ, ಪ್ರೋಟೀನ್ ಒಳ್ಳೆಯದು. ಕೆಂಚನಿಗೆ ಪಥ್ಯದ ಊಟದ ಮೇಲೆ ಅದನ್ನು ಸ್ವಲ್ಪ ಪುಡಿ ಮಾಡಿ ಉದುರಿಸುತ್ತಿದ್ದೆವು. ಪೂರ್ತಿ ಮನೆಯ ಊಟವೇ ಕೊಡುವುದಾದರೆ ಬೆಕ್ಕಿನ ಆಹಾರ ಬಲ್ಲ ಪಶುವೈದ್ಯರಿಂದ ತೂಕ, ಪ್ರಮಾಣ, ಬೆರೆಸಬೇಕಾದ ಪುಡಿಗಳು ಎಲ್ಲ ಬರೆಸಿಕೊಂಡೇ ಮಾಡಿ. ಸುಮ್ನೆ ಕೋಳಿ ಬೇಯಿಸಿ ಹಾಕಿದರೆ ರಂಜಕ ಜಾಸ್ತಿ ಹೋಗುತ್ತದೆ, ಕ್ಯಾಲ್ಸಿಯಂ ಹೋಗುವುದಿಲ್ಲ.

ಮೂರನೆಯದು, ಪಥ್ಯವಲ್ಲದ ಸಾಮಾನ್ಯ ಪೌಚ್ ಕೊಟ್ಟು, ರಂಜಕ ಹಿಡಿಯುವ ಪುಡಿ ಬೆರೆಸುವುದು. ಪಥ್ಯವನ್ನು ಮೂಸಿಯೂ ನೋಡದ ಬೆಕ್ಕುಗಳಿವೆ. ಅವಕ್ಕೆ ಇದು ಒಳ್ಳೆಯ ದಾರಿ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಲ್ಯಾಂಥನಮ್ ಕಾರ್ಬೋನೇಟ್, ಕ್ಯಾಲ್ಸಿಯಂ ಕಾರ್ಬೋನೇಟ್ ಇವು ಬಳಕೆಯಲ್ಲಿರುವವು. ಅಲ್ಯೂಮಿನಿಯಂನದಕ್ಕೆ ರುಚಿ ಹೆಚ್ಚಿಲ್ಲ, ಮಲಬದ್ಧತೆ ಬರಬಹುದು. ಕ್ಯಾಲ್ಸಿಯಂನದು ರಕ್ತದ ಕ್ಯಾಲ್ಸಿಯಂ ಏರಿಸಬಹುದು. ಯಾವುದೇ ಆದರೂ ಊಟದ ಜೊತೆಯಲ್ಲೇ ಹೋಗಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ಹಿಡಿಯಲು ಅಲ್ಲಿ ರಂಜಕವೇ ಇರುವುದಿಲ್ಲ. ಮನುಷ್ಯರ ಎದೆಯುರಿ ಸಿರಪ್ಪಿನಲ್ಲಿ ಪುದೀನ ರುಚಿ, ಮೆಗ್ನೀಸಿಯಂ ಎಲ್ಲ ಸೇರಿರುತ್ತದೆ. ಅದನ್ನು ಹಾಕಬೇಡಿ.

ಮೂರರಲ್ಲಿ ಯಾವುದು? 1ನೇ ಹಂತದಲ್ಲಿ ಪಥ್ಯದ ಅವಸರವಿಲ್ಲ, ಒದ್ದೆ ಊಟ ಸಾಕು. 2ನೇ ಹಂತದಲ್ಲಿ ಬೆಕ್ಕು ಚೆನ್ನಾಗಿ ತಿನ್ನುತ್ತಿರುವಾಗಲೇ ಪಥ್ಯಕ್ಕೆ ತಿರುಗಿಸಿ. ಹೊಟ್ಟೆ ತೊಳೆಸುವ ದಿನಗಳಲ್ಲಿ ಹೊಸ ಊಟ ಇಟ್ಟರೆ, ಆ ವಾಸನೆಗೂ ಸಂಕಟಕ್ಕೂ ಬೆಕ್ಕು ಗಂಟು ಹಾಕಿಕೊಳ್ಳುತ್ತದೆ. ಆಮೇಲೆ ಜನ್ಮದಲ್ಲಿ ಮುಟ್ಟುವುದಿಲ್ಲ. ಕೆಂಚನಿಗೆ ನಾವು ಮಾಡಿದ ತಪ್ಪು ಇದೇ. ಡ್ರಿಪ್ ಹಾಕಿಸಿಕೊಂಡು ಬಂದ ಸಂಜೆಯೇ ಹೊಸ ಕಾಳು ಇಟ್ಟೆವು. ಆ ಕಂಪನಿಯದನ್ನು ಅವನು ಕೊನೆಯವರೆಗೂ ಮುಟ್ಟಲಿಲ್ಲ. ಇನ್ನೊಂದನ್ನು ಹಳೆಯ ಊಟಕ್ಕೆ ಒಂದೊಂದು ಚಿಟಿಕೆ ಬೆರೆಸುತ್ತಾ ಐದು ವಾರ ತೆಗೆದುಕೊಂಡು ಒಗ್ಗಿಸಿದೆವು.

ಒಂದು ಮಾತು ಮಾತ್ರ ಎಲ್ಲಕ್ಕಿಂತ ಮೇಲೆ. ಪಥ್ಯ ತಿನ್ನದೆ ಉಪವಾಸ ಇರುವ ಬೆಕ್ಕಿಗೆ ಅದು ಇಷ್ಟಪಡುವ ಬೆಕ್ಕಿನ ಊಟ ಯಾವುದಾದರೂ ಸರಿ, ಕೊಡಿ. "ಹಸಿವಾದರೆ ತಾನೇ ತಿನ್ನುತ್ತೆ" ಎಂದು ಕಾಯುವುದು ನಾಯಿಗೆ ಸರಿಹೋಗಬಹುದು. ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಪ್ರಾಣಕ್ಕೆ ಬರಬಹುದು. ದಪ್ಪ ಬೆಕ್ಕುಗಳಲ್ಲಿ ಈ ಭಯ ಇನ್ನೂ ಜಾಸ್ತಿ.

ಡ್ರಿಪ್: ಆಸ್ಪತ್ರೆಯಲ್ಲಾ, ಮನೆಯಲ್ಲಾ?

ಡ್ರಿಪ್ ಹಾಕಿದರೆ ಕಿಡ್ನಿ ತೊಳೆದುಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಡಯಾಲಿಸಿಸ್ ಬೇರೆ, ಇದು ಬೇರೆ. ಕಿಡ್ನಿ ಸೋತ ಬೆಕ್ಕು ನೀರನ್ನು ಮೈಯಲ್ಲಿ ಹಿಡಿದಿಟ್ಟುಕೊಳ್ಳಲಾರದು. ಕುಡಿದಷ್ಟೂ ಹೊರಗೆ ಹೋಗುತ್ತದೆ. ಮೈ ಒಣಗಿದಾಗ ಉಳಿದ ಕಿಡ್ನಿಗೆ ರಕ್ತ ಕಡಿಮೆ ಹರಿಯುತ್ತದೆ, ಕಶ್ಮಲ ಇನ್ನೂ ಏರುತ್ತದೆ. ಡ್ರಿಪ್ ಆ ಒಣಗುವಿಕೆಯನ್ನು ಸರಿ ಮಾಡುತ್ತದೆ. ಸತ್ತ ನೆಫ್ರಾನ್ ಎದ್ದು ಬರುವುದಿಲ್ಲ. ಕೆಂಚ ಐದು ದಿನ ಗೆಲುವಾಗಿ ಹತ್ತನೇ ದಿನ ಮಂಕಾದದ್ದು ಇದೇ ಕಾರಣಕ್ಕೆ.

ರಕ್ತನಾಳಕ್ಕೆ ಹಾಕುವ ಡ್ರಿಪ್‌ಗೆ ಆಸ್ಪತ್ರೆಯೇ ಬೇಕು. ನಿಲ್ಲದ ವಾಂತಿ, ಎದ್ದು ನಿಲ್ಲಲಾಗದ ನಿತ್ರಾಣ, ಅಂಕಿ ದಿಢೀರ್ ಏರಿದ್ದು, ಮೂತ್ರದ ಸೋಂಕು, ಕಲ್ಲು ಇಂಥ ಬಿಕ್ಕಟ್ಟಿನಲ್ಲಿ ಎರಡು ಮೂರು ದಿನ ಅದು ಜೀವ ಉಳಿಸುತ್ತದೆ. ಆಗ ಮನೆಯ ಸೂಜಿ ನೆಚ್ಚಿಕೊಂಡು ಕೂರಬೇಡಿ. ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಮುಕ್ಕರಿದು ಒಂದು ಹನಿಯೂ ಬರದಿದ್ದರೆ ಅದು ಬೇರೆಯದೇ ಕಾಯಿಲೆ. ಮೂತ್ರನಾಳ ಕಟ್ಟಿಕೊಂಡಿದೆ. ಅರ್ಧರಾತ್ರಿಯಾದರೂ ಹೊರಡಿ. ಹೂಗುಚ್ಛದ ಲಿಲ್ಲಿ ಹೂವನ್ನು ಬೆಕ್ಕು ಕಚ್ಚಿದ್ದರೂ ಹಾಗೆಯೇ. ಅದರ ಪರಾಗ ನೆಕ್ಕಿದರೂ ಸಾಕು, ಕಿಡ್ನಿ ಮೂರೇ ದಿನದಲ್ಲಿ ಹೋಗುತ್ತದೆ.

ಬಿಕ್ಕಟ್ಟು ದಾಟಿದ ಮೇಲೆ, 3 ಮತ್ತು 4ನೇ ಹಂತದಲ್ಲಿ, ಚರ್ಮದ ಕೆಳಗೆ ಕೊಡುವ ಡ್ರಿಪ್ ಬರುತ್ತದೆ. ಇದಕ್ಕೆ ನನ್ನ ಮತ ಮನೆಯೇ. ನೂರು ಮಿಲಿಲೀಟರಿಗಾಗಿ ಬೆಕ್ಕನ್ನು ಪಂಜರಕ್ಕೆ ತುಂಬಿ, ಆಟೋದಲ್ಲಿ ಬಿ.ಎಚ್. ರಸ್ತೆಯ ಹಾರನ್ನುಗಳ ನಡುವೆ ಕರೆದುಕೊಂಡು ಹೋಗಿ, ನಾಯಿಗಳ ಪಕ್ಕ ಅರ್ಧ ಗಂಟೆ ಕೂರಿಸಿ ವಾಪಸ್ಸು ತಂದರೆ, ಆ ದಿನ ಅದು ತಿನ್ನುವುದಿಲ್ಲ. ನೀರು ಕೊಟ್ಟು ಊಟ ಕಳೆದುಕೊಂಡಂತೆ ಆಗುತ್ತದೆ. ಮನೆಯಲ್ಲಿ ಹತ್ತು ನಿಮಿಷದ ಕೆಲಸ ಇದು.

"ಪಾಪ, ಆ ಸಣ್ಣ ಜೀವಕ್ಕೆ ನೀನೇ ಹೇಗೆ ಚುಚ್ಚುತ್ತೀಯೋ?" ಎಂದು ಅಮ್ಮ ಮೊದಲ ದಿನ ಕೋಣೆಯಿಂದ ಎದ್ದು ಹೋದರು. ನನ್ನ ಕೈ ನಡುಗಿತ್ತು. ವೈದ್ಯರು ತಮ್ಮ ಮುಂದೆಯೇ ಎರಡು ಸಲ ನನ್ನ ಕೈಯಲ್ಲಿ ಮಾಡಿಸಿದ್ದರು. ನೀವೂ ಹಾಗೇ ಕೇಳಿ ಕಲಿಯಿರಿ. ಬಾಟಲಿಯನ್ನು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೈ ಬಿಸಿಗೆ ತರುತ್ತಿದ್ದೆ. ಕಿಟಕಿಯ ಸರಳಿಗೆ ನೇತು ಹಾಕುತ್ತಿದ್ದೆ. ಭುಜದ ಹತ್ತಿರ ಸಡಿಲ ಚರ್ಮವನ್ನು ಗುಡಾರದ ಹಾಗೆ ಎತ್ತಿ, 20 ಗೇಜಿನ ಹೊಸ ಸೂಜಿ ಹಾಕಿ, ನಳಿಕೆ ಬಿಡುತ್ತಿದ್ದೆ. ಆ ಹೊತ್ತಿಗೆ ಅಮ್ಮ ಅವನ ಮೂಗಿನ ಮುಂದೆ ಪೌಚಿನ ರಸ ಹಿಡಿಯುತ್ತಿದ್ದರು. ಹೌದು, ಎರಡನೇ ವಾರದಿಂದ ಅಮ್ಮನೇ ನನ್ನ ಜೊತೆಗಾರರು. ಮುಗಿದ ಮೇಲೆ ಬೆನ್ನಿನ ಮೇಲೊಂದು ನೀರಿನ ಗುಬುಟು ಎದ್ದಿರುತ್ತದೆ. ಕೆಲವು ಗಂಟೆಯಲ್ಲಿ ಮುಂಗಾಲಿನ ಕಡೆ ಜಾರಿ ಕರಗುತ್ತದೆ. ಮರುದಿನವೂ ಕರಗದಿದ್ದರೆ ಮತ್ತೆ ಹಾಕಬೇಡಿ, ವೈದ್ಯರಿಗೆ ಫೋನ್ ಮಾಡಿ. ಉಸಿರು ಜೋರಾದರೂ ಅಷ್ಟೇ. ಹೃದಯದ ತೊಂದರೆ ಇರುವ ಬೆಕ್ಕಿಗೆ ಎದೆಯಲ್ಲಿ ನೀರು ತುಂಬಬಹುದು. ಎಷ್ಟು, ಎಷ್ಟು ದಿನಕ್ಕೊಮ್ಮೆ ಎನ್ನುವುದನ್ನು ಬೆಕ್ಕು ನೋಡಿ ವೈದ್ಯರೇ ಹೇಳಬೇಕು.

ಮೆಡಿಕಲ್ ಸ್ಟೋರಿನಲ್ಲಿ ಒಂದು ಎಚ್ಚರ. ನಮ್ಮ ಕಡೆ ಎಲ್ಲ ಡ್ರಿಪ್ಪಿಗೂ "ಗ್ಲೂಕೋಸ್" ಎನ್ನುತ್ತೇವೆ. ಹಾಗೇ ಕೇಳಿದರೆ ನಿಜಕ್ಕೂ ಸಕ್ಕರೆ ಇರುವ ಡೆಕ್ಸ್‌ಟ್ರೋಸ್ ಬಾಟಲಿ ಕೊಟ್ಟುಬಿಡಬಹುದು. ಅದನ್ನು ಚರ್ಮದ ಕೆಳಗೆ ಹಾಕಿದರೆ ಉರಿ, ಕೀವು, ಚರ್ಮ ಕೊಳೆಯುವುದು ಎಲ್ಲ ಆಗಬಹುದು. ವೈದ್ಯರು ಬರೆಯುವುದು ಸಾಮಾನ್ಯವಾಗಿ ರಿಂಗರ್ ಲ್ಯಾಕ್ಟೇಟ್, ಅಂಗಡಿಯವರ ಮಾತಿನಲ್ಲಿ ಆರ್‌ಎಲ್. ಚೀಟಿ ತೋರಿಸಿ, ಬಾಟಲಿಯ ಮೇಲಿನ ಹೆಸರು ಓದಿ ತನ್ನಿ.

2ನೇ ಹಂತದಲ್ಲಿದ್ದು ತಿನ್ನುತ್ತಾ ಕುಡಿಯುತ್ತಾ ಇರುವ ಬೆಕ್ಕಿಗೆ "ಇರಲಿ" ಎಂದು ಡ್ರಿಪ್ ಹಾಕಿಸಬೇಡಿ. ಎಳನೀರು, ಬಾರ್ಲಿ ನೀರು, ಕಿಡ್ನಿಗೆ ಒಳ್ಳೆಯದೆಂದು ಮಾರುವ ಬೇರಿನ ಪುಡಿಗಳನ್ನೂ ನಾನು ಕೊಡಲಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಮೂತ್ರ ಕಡಿಮೆಯಾದ ಕೊನೆಯ ಹಂತದಲ್ಲಿ ಅದು ಹೃದಯಕ್ಕೆ ಹೊಡೆಯುತ್ತದೆ. ಇನ್ನು ಬೇರಿನ ಪುಡಿಗಳ ಮಾತು. ಬೆಕ್ಕಿನ ಯಕೃತ್ತಿಗೆ ಎಷ್ಟೋ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿಯೇ ಇಲ್ಲ. ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವುದು ಇದರಿಂದಲೇ.

ಮಾತ್ರೆಗಳು

ಇಲ್ಲಿ ಆಯ್ಕೆ ನಮ್ಮದಲ್ಲ, ಪರೀಕ್ಷೆಯದ್ದು. ರಕ್ತದೊತ್ತಡ 160 ದಾಟಿದ್ದರೆ ಅಮ್ಲೋಡಿಪಿನ್. ಒತ್ತಡ ಏರಿದ ಬೆಕ್ಕು ಒಂದು ಬೆಳಿಗ್ಗೆ ದಿಢೀರನೆ ಕುರುಡಾಗಬಹುದು. ಗೋಡೆಗೆ ತಾಗುತ್ತಾ ಓಡಾಡಿದರೆ ಅದೇ ದಿನ ಕರೆದೊಯ್ಯಿರಿ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ ಟೆಲ್ಮಿಸಾರ್ಟನ್ ಅಥವಾ ಬೆನಜೆಪ್ರಿಲ್. ಪೊಟ್ಯಾಸಿಯಂ ಕಡಿಮೆಯಾಗಿ ಕತ್ತು ಜೋತುಬಿದ್ದರೆ ಪೊಟ್ಯಾಸಿಯಂ. ಒಸಡು ಬೆಳ್ಳಗಾಗಿ ರಕ್ತ ತೀರಾ ಇಳಿದರೆ ಡಾರ್ಬೆಪೊಯೆಟಿನ್ ಚುಚ್ಚುಮದ್ದು, ಅದು ದುಬಾರಿ.

ನಾನು ಕೇಳಿ ಪಡೆಯಿರಿ ಎನ್ನುವುದು ಹೊಟ್ಟೆ ತೊಳೆಸುವುದಕ್ಕೆ ಕೊಡುವ ಔಷಧಿಯನ್ನು. ಬೆಕ್ಕು ತಟ್ಟೆಯವರೆಗೆ ಬರುತ್ತದೆ, ಮೂಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ತಿರುಗಿ ಹೋಗುತ್ತದೆ. ನಾವು ಹಸಿವಿಲ್ಲ ಎಂದುಕೊಳ್ಳುತ್ತೇವೆ. ಅದಕ್ಕೆ ಹಸಿವಿದೆ, ಸಂಕಟವೂ ಇದೆ. ಮಾರೋಪಿಟಂಟ್ ಸಂಕಟ ತಗ್ಗಿಸುತ್ತದೆ. ಮಿರ್ಟಜಪಿನ್ ಹಸಿವನ್ನೂ ಎಬ್ಬಿಸುತ್ತದೆ. ಕಿಡ್ನಿ ಬೆಕ್ಕಿಗೆ ಮಿರ್ಟಜಪಿನ್ ದಿನ ಬಿಟ್ಟು ದಿನ, ತೀರಾ ಸಣ್ಣ ಚೂರು. ಜಾಸ್ತಿಯಾದರೆ ಬೆಕ್ಕು ರಾತ್ರಿಯಿಡೀ ಕೂಗುತ್ತಾ ಸುತ್ತುತ್ತದೆ.

ತುಮಕೂರಾ, ಹೆಬ್ಬಾಳವಾ?

ನಮ್ಮ ಕಡೆ ಹಳಬರು ಈಗಲೂ "ದನದ ಆಸ್ಪತ್ರೆ" ಎನ್ನುತ್ತಾರೆ. ಹಸು, ಕುರಿ, ಎಮ್ಮೆಯ ಜಿಲ್ಲೆ ಇದು. ಬೆಕ್ಕಿನ ರಕ್ತದೊತ್ತಡ ಅಳೆಯುವ ಸಲಕರಣೆ ಎಲ್ಲ ಕಡೆ ಇರುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು ಇದೆ, ಅದರ ಆಸ್ಪತ್ರೆಯೂ ಇದೆ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್. ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆಗೆ ತಿರುಗಿದರೆ ನೇರ ಹೆಬ್ಬಾಳ. ಬೆಂಗಳೂರಿನಲ್ಲಿ ಖಾಸಗಿ ಆಸ್ಪತ್ರೆಗಳೂ ಬೇಕಾದಷ್ಟಿವೆ.

ಎರಡನ್ನೂ ಹಂಚಿಕೊಂಡು ಬಳಸುವುದು ನನಗೆ ಸರಿ ಕಂಡಿತು. ಶುರುವಿನಲ್ಲಿ ಒಮ್ಮೆ ಬೆಂಗಳೂರಿಗೆ ಹೋಗಿ ಅಲ್ಟ್ರಾಸೌಂಡ್, ರಕ್ತದೊತ್ತಡ, ಮೂತ್ರದ ಪ್ರೋಟೀನ್ ಎಲ್ಲ ಮಾಡಿಸಿ, ಬರೆದ ಕಾಗದ ತಂದು ಊರಿನ ವೈದ್ಯರ ಕೈಗೆ ಕೊಡಿ. ಆಮೇಲಿನ ತೂಕ, ರಕ್ತ, ಡ್ರಿಪ್ ಎಲ್ಲ ಇಲ್ಲೇ ಆಗಲಿ. 2ನೇ ಹಂತದಲ್ಲಿ ಆರು ತಿಂಗಳಿಗೊಮ್ಮೆ, 3ರಲ್ಲಿ ಮೂರು ನಾಲ್ಕು ತಿಂಗಳಿಗೊಮ್ಮೆ ರಕ್ತ ನೋಡಿದರೆ ಸಾಮಾನ್ಯವಾಗಿ ಸಾಕು. ರಾತ್ರಿ ಎಷ್ಟು ಹೊತ್ತಿಗೂ ಫೋನ್ ಎತ್ತುವ ಹತ್ತಿರದ ವೈದ್ಯರು, ದೂರದ ದೊಡ್ಡ ಯಂತ್ರಕ್ಕಿಂತ ಈ ಕಾಯಿಲೆಯಲ್ಲಿ ಹೆಚ್ಚು ಬೇಕಾಗುತ್ತಾರೆ. ಪ್ರಯಾಣಕ್ಕೆ ಮುಂಚೆ ಶಾಂತ ಮಾಡಲು ಗ್ಯಾಬಪೆಂಟಿನ್ ಕೊಡುವುದಾದರೆ, ಕಿಡ್ನಿ ಕಾಯಿಲೆ ಇದೆ ಎಂದು ನೆನಪಿಸಿ. ಅದು ಕಿಡ್ನಿಯಿಂದಲೇ ಹೊರಗೆ ಹೋಗುವ ಔಷಧಿ, ಪ್ರಮಾಣ ಇಳಿಸಬೇಕಾಗುತ್ತದೆ. ಪಂಜರದಲ್ಲಿ ಮನೆಯ ಹಳೆಯ ಟವೆಲ್ ಹಾಕಿ, ಮೇಲೊಂದು ಬಟ್ಟೆ ಮುಚ್ಚಿ.

ಕೊನೆಯ ಆಯ್ಕೆ

2ನೇ ಹಂತದಲ್ಲಿ ಗೊತ್ತಾದ ಬೆಕ್ಕುಗಳು ಎಷ್ಟೋ ವರ್ಷ ಬದುಕುತ್ತವೆ. 4ನೇ ಹಂತದಲ್ಲಿ ಲೆಕ್ಕ ತಿಂಗಳುಗಳದ್ದು, ಕೆಲವೊಮ್ಮೆ ವಾರಗಳದ್ದು. ಆಗ ಇರುವ ಆಯ್ಕೆ ಎರಡೇ. ಇನ್ನೊಂದು ಸುತ್ತು ಆಸ್ಪತ್ರೆಯ ಡ್ರಿಪ್, ಅಥವಾ ನೋವಿಲ್ಲದೆ ಕಳಿಸಿಕೊಡುವುದು. ನಾನು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರು ವಿಷಯ ಬರೆಯುತ್ತಿದ್ದೆ. ತಾನಾಗಿ ತಿಂದನಾ? ಮೈ ನೆಕ್ಕಿಕೊಂಡನಾ? ಬಿಸಿಲಿನ ಜಾಗಕ್ಕೆ ತಾನೇ ನಡೆದುಹೋದನಾ? ಹಿಂದಿನ ಬಿಕ್ಕಟ್ಟುಗಳಲ್ಲಿ ಮೂರನೇ ದಿನಕ್ಕೆ "ಹೌದು" ವಾಪಸ್ಸು ಬರುತ್ತಿತ್ತು. ಕೊನೆಯ ಸಲ ಒಂಬತ್ತು ದಿನ ಮೂರಕ್ಕೂ "ಇಲ್ಲ" ಎಂದೇ ಬರೆದೆ.

ದಯಾಮರಣಕ್ಕೆ ಮನೆಗೆ ಬರುತ್ತೀರಾ ಎಂದು ನಿಮ್ಮ ವೈದ್ಯರನ್ನು ಬೆಕ್ಕು ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಮೊದಲು ನಿದ್ದೆಯ ಚುಚ್ಚುಮದ್ದು ಕೊಟ್ಟು, ಅದು ಮಲಗಿದ ಮೇಲೆ ಎರಡನೆಯದು ಕೊಡುತ್ತೀರಾ ಎಂದೂ ಕೇಳಿ. ನಾವು ಆರು ತಿಂಗಳ ಮುಂಚೆ ಕೇಳಿದ್ದೆವು. ಹಾಗಾಗಿ ಆ ದಿನ ಒಂದೇ ಫೋನ್ ಸಾಕಾಯಿತು. ಕ್ಲಿನಿಕ್ ಮುಚ್ಚಿಕೊಂಡು ಅವರು ಮನೆಗೆ ಬಂದರು. ಕೆಂಚ ಅಮ್ಮನ ಹಳೆಯ ಸೀರೆಯ ಮೇಲೆ, ಕಿಟಕಿಯ ಆ ಸರಳಿನ ಕೆಳಗೇ ಮಲಗಿದ್ದ. ಬಾಟಲಿಯಲ್ಲಿ ಇನ್ನೂ ಇನ್ನೂರು ಮಿಲಿಲೀಟರ್ ಉಳಿದಿತ್ತು.